ಮೂತಿ ಕೊಯ್ದ ಕಾಳು

ರಾತ್ರಿ ಹತ್ತೂವರೆ. ದುರ್ಗದ ಜಿಲ್ಲಾಸ್ಪತ್ರೆ, ಲ್ಯಾಬಿನ ಕಿಟಕಿ.
ಮೊನ್ನೆಯ ಮಳೆ ಮರೆತು ಕೋಟೆಯ ಬಂಡೆ
ಮತ್ತೆ ಕಾವು ಉಗುಳುತ್ತಿತ್ತು.
ಬೋರಕ್ಕ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು:
ಅರ್ಧ ಮುರಿದ ಒಂದು ಕೊಡೆ,
ಬಿಳಿಯ ಮೇಲೆ ಕಂದು ಹಕ್ಕಳೆ.
ಸೆರಗಿಗೆ ಇನ್ನೂ ಒಗ್ಗರಣೆಯ ವಾಸನೆ.

"ಇಂಥವೇ ನಾಕು ಬೇಯ್ಸಿದ್ದೆ. ಮೂರು ಪಾಲಯ್ಯನೇ ತಿಂದ.
ಇಸ್ಕೂಲ್ ಕಾಂಪೌಂಡಿನ ಹುಲ್ಲಾಗೆ ಎದ್ದಿದ್ದವು."
ಮೇಲಿನ ವಾರ್ಡಿನಲ್ಲಿ ಮೊಮ್ಮಗ, ಎಂಟು ವರ್ಷ,
ಹೊಟ್ಟೆಯಲ್ಲಿದ್ದುದನ್ನೆಲ್ಲ ಬಕೀಟಿಗೆ ಒಪ್ಪಿಸುತ್ತಿದ್ದ.
ತಿಂದು ಎರಡೇ ಗಂಟೆಗೆ ಶುರುವಂತೆ.
ಡಾಕ್ಟರ್ ಫೋನಿನಲ್ಲಿ ಕೇಳಿದ್ದು ಒಂದೇ:
ಬರೀ ಹೊಟ್ಟೆಯೋ, ಲಿವರ್ರೋ?

ನಾನು ರಕ್ತ ಎಣಿಸುವವಳು. ಮಲೇರಿಯಾ, ಕಫ, ಸಕ್ಕರೆ.
ಅಣಬೆ ಕಲಿತದ್ದು ಇಲ್ಲಲ್ಲ,
ಇಪ್ಪತ್ತೆರಡು ವರ್ಷದ ಹಿಂದೆ, ಕಾಲೇಜಿನ ಸಸ್ಯಶಾಸ್ತ್ರದ ಕೋಣೆಯಲ್ಲಿ.
ಶಾಹಿದಾ ಮೇಡಂ ನನ್ನ ತಲೆ ಹಿಡಿದು ಮಸೂರಕ್ಕೆ ಬಗ್ಗಿಸಿ
"ಕೊಡೆ ಸುಳ್ಳು ಹೇಳುತ್ತೆ, ಪುಡಿ ಹೇಳಲ್ಲ" ಎಂದಿದ್ದರು.
ಅದೂ ಪೂರ್ತಿ ನಿಜವಲ್ಲ ಅಂತ ಆಮೇಲೆ ಗೊತ್ತಾಯಿತು.
ಪುಡಿಯೂ ಅರ್ಧ ಹೇಳಿ ಸುಮ್ಮನಾಗುತ್ತೆ,
ಕೋರ್ಟಿಗೆ ಬಂದ ಊರಿನ ಸಾಕ್ಷಿಯ ಹಾಗೆ.

ಕೊಡೆಯನ್ನು ಹಾಳೆಯ ಮೇಲೆ ಬೋರಲು ಹಾಕಿ ಸ್ಟೀಲ್ ಲೋಟ ಮುಚ್ಚಿದೆ.
ಅದು ಬೆಳಗಿನ ಲೆಕ್ಕ.
ಈಗಿನದಕ್ಕೆ ಬ್ಲೇಡಿನ ತುದಿಯಲ್ಲಿ ಒಂದು ಪದರ,
ಕಣ್ರೆಪ್ಪೆಯಷ್ಟು. ಒಂದು ಹನಿ ನೀರು. ಗಾಜಿನ ಮೇಲೆ ಗಾಜು.
ಎಣ್ಣೆಯ ಬೊಟ್ಟು, ನೂರರ ಮಸೂರ.
ಮೊದಲು ಮಂಜು. ಆಮೇಲೆ ಗಾಳಿಗುಳ್ಳೆ
(ಗುಳ್ಳೆಯನ್ನೇ ಬೀಜವೆಂದು ಹಿಗ್ಗಿದವರು ಎಷ್ಟೋ, ನಾನೂ ಒಬ್ಬಳು).
ಆಮೇಲೆ ಅವು.

ಹನ್ನೊಂದು ಮೈಕ್ರಾನ್ ಉದ್ದ, ಎಂಟು ಅಗಲ. ಇನ್ನೊಂದು ಹತ್ತು, ಏಳು.
ಕೆಂಪು ರಕ್ತಕಣಕ್ಕಿಂತ ತುಸು ದೊಡ್ಡವು. ನನ್ನ ಅಳತೆಗೋಲು ಅದೇ.
ದಪ್ಪ ಗೋಡೆ, ನುಣುಪು ಮೈ, ಮುಳ್ಳಿಲ್ಲ, ಗಂಟಿಲ್ಲ.
ಬುಡದಲ್ಲಿ ತಾಯಿಯಿಂದ ಕಳಚಿದ ಓರೆ ತೊಟ್ಟು.
ತುದಿ, ಅಲ್ಲಿ ನನ್ನ ಉಸಿರು ನಿಂತಿತು,
ಕುಡುಗೋಲಲ್ಲಿ ಸವರಿದ ಹಾಗೆ ಚಪ್ಪಟೆ,
ಮೊಳಕೆ ಹೊರಡಲು ಬಿಟ್ಟ ಸಣ್ಣ ಕಿಂಡಿ.
ಅಂಚಿನಿಂದ ಅಯೋಡಿನ್ ಹರಿಸಿದೆ.
ನೀಲಿಗೆ ತಿರುಗಿದ್ದರೆ ಫೋನ್ ಎತ್ತಲು ಕೈ ಬರುತ್ತಿರಲಿಲ್ಲ.
ಕಾದೆ.
ತಿರುಗಲಿಲ್ಲ. ಇಟ್ಟಿಗೆ ಕೆಂಪು,
ನಿಧಾನವಾಗಿ, ಎಲೆಯಡಿಕೆ ಹಾಕಿದ ತುಟಿಯಂತೆ.

"ಸರ್, ಹಸಿರು ಪುಡಿಯ ಅಣಬೆ ಅನ್ನಿಸುತ್ತೆ.
ಹೊಟ್ಟೆ ಹಿಂಡುತ್ತೆ, ಲಿವರಿಗೆ ಹೋಗಲ್ಲ. ಡ್ರಿಪ್ ನಿಲ್ಲಿಸಬೇಡಿ."

ಬೋರಕ್ಕ ಒಂದೇ ಪದ ಹಿಡಿದುಕೊಂಡಳು.
"ಅನ್ನಿಸ್ತದೆ ಅಂದ್ರೆ ಏನವ್ವ? ತೋರ್ಸು, ನಾನೂ ನೋಡ್ತೀನಿ."
ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಬಗ್ಗಿದಳು,
ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿ.
ಇನ್ನೊಂದು, ಚಳ್ಳಕೆರೆ ಮಂಡಿಯಲ್ಲಿ ಮೂವತ್ತು ವರ್ಷ ಶೇಂಗಾ ಆರಿಸಿದ ಕಣ್ಣು.
ಬಹಳ ಹೊತ್ತು ಮಾತಿಲ್ಲ.
"ಕಾಳು" ಅಂದಳು. "ಮೂತಿ ಕೊಯ್ದ ಕಾಳು.
ಇಂಥದು ಮೂಟೇಲಿ ಸಿಕ್ರೆ ಪಕ್ಕಕ್ಕೆ ಎಸಿತೀವಿ. ಬಿತ್ತನೆಗೆ ಬರಲ್ಲ."
ಇದು ಬರುತ್ತೆ ಅಕ್ಕ, ಆ ಮೂತಿಯಿಂದಲೇ ಹುಟ್ಟುತ್ತೆ ಎಂದೆ.
ನಂಬಲಿಲ್ಲ. ಮತ್ತೊಮ್ಮೆ ಬಗ್ಗಿ ನೋಡಿದಳು.

ಐದೂವರೆಗೆ ಲೋಟ ಎತ್ತಿದೆ.
ಹಾಳೆಯ ಮೇಲೆ ಅರ್ಧ ಚಂದ್ರ, ಗೆರೆಗೆರೆಯಾಗಿ,
ಬೆಳಗದೆ ಬಿಟ್ಟ ತಾಮ್ರದ ಚೊಂಬಿನ ಕಿಲುಬು ಹಸಿರು.
ಮೇಲೆ ಪಾಲಯ್ಯ ಬನ್ನು ಕೇಳುತ್ತಿದ್ದಾನಂತೆ.

"ಹಾಳೆ, ಲೋಟ. ಇಷ್ಟೇನಾ? ನಮ್ಮನ್ಯಾಗೂ ಐತಲ್ಲ!"
ಬಿಳಿ ಬಂದರೆ ಒಳ್ಳೇದು ಅಂತ ತಿಳಿಯಬೇಡ,
ಕೊಲ್ಲುವವೂ ಬಿಳಿಯೇ ಉದುರಿಸುತ್ತವೆ ಎಂದೆ.
"ಹುತ್ತದ ಅಣಬೇದು?"
ತೆಳು ಗುಲಾಬಿ. ಅಷ್ಟಕ್ಕೇ ನಂಬಬೇಡ.
"ನೀನು ಯಾವುದನ್ನೂ ಪೂರ್ತಿ ಹೇಳಲ್ಲ" ಎಂದು ಬೈದಳು.

ಆ ಹಾಳೆ ನನಗೆ ಬೇಕಿತ್ತು, ರಿಜಿಸ್ಟರಿಗೆ ಅಂಟಿಸಲು.
ಅವಳು ಆಗಲೇ ಮಡಿಸಿ ಕುಪ್ಪಸದೊಳಗಿಟ್ಟಿದ್ದಳು,
ಕೇರಿಯವರಿಗೆ ತೋರಿಸಬೇಕಂತೆ.
ಹೆಬ್ಬೆರಳಿಗೆ ಹಸಿರು ಹತ್ತಿತ್ತು. ಒರೆಸಿಕೊಳ್ಳಲಿಲ್ಲ.

ಬರೆದೆ:
ಮಾದರಿ, ಒಂದು ಹಾಳೆ.
ಒಯ್ದವರು, ಬೋರಕ್ಕ.